ಆಕಾಶಕ್ಕೆ ಗಡಿಕಲ್ಲು ನೆಟ್ಟ ವೆಂಕಟೇಶ ಕೇತ್ಕರರು

ಮಲೆನಾಡಿನಲ್ಲಿ ಮಳೆಗೆ ಹೆಸರುಗಳಿವೆ. ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ಮುಂಗಾರಿನ ಮೊದಲ ಹನಿಯಿಂದ ತೊಡಗಿ ಚಿತ್ತೆ ಸ್ವಾತಿಗಳ ಕೊನೆಯ ಹನಿಯವರೆಗೆ ನಮ್ಮ ರೈತರು ಮಳೆಗಾಲವನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಅಳೆದಿಟ್ಟುಕೊಂಡಿದ್ದಾರೆ. ನಾನು ವಾಸವಾಗಿರುವ ಆಯನೂರು ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಇಲ್ಲಿ ಸಸಿ ನೆಡುವ ಮಾತು ಬಂದಾಗ ಹಳಬರು ಜುಲೈ ಎಂದು ಹೇಳುವುದಿಲ್ಲ, ಆಷಾಢವೆಂದೂ ಹೇಳುವುದಿಲ್ಲ. ಮಳೆಯ ಹೆಸರನ್ನೇ ಹೇಳುತ್ತಾರೆ. ಆದರೆ ಇದರಲ್ಲಿ ಅಡಗಿರುವ ಒಂದು ವಿಚಿತ್ರವನ್ನು ಗಮನಿಸಿದವರು ಕಡಮೆ. ಆರಿದ್ರೆಯ ಮಳೆ ಸುರಿಯಬೇಕಾದ ದಿನಗಳಲ್ಲಿ ಆಕಾಶದಲ್ಲಿ ಒಂದು ಮೋಡವೂ ಇಲ್ಲದಿದ್ದರೂ ಆರ್ದ್ರಾ ನಕ್ಷತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಹೆಚ್ಚು ಕಡಮೆ ಸೂರ್ಯನ ಜೊತೆಗೇ ಮೂಡಿ, ಹಗಲೆಲ್ಲ ಅವನ ಬೆಳಕಿನಲ್ಲಿ ಮರೆಯಾಗಿದ್ದು, ಅವನ ಜೊತೆಗೇ ಮುಳುಗುತ್ತದೆ. ಹಾಗಾದರೆ ಮಳೆಯ ಹೆಸರು ನಕ್ಷತ್ರ ಕಾಣುವುದರ ಗುರುತಲ್ಲ. ಸೂರ್ಯನು ಆ ನಕ್ಷತ್ರದ ದಿಕ್ಕಿಗೆ ಬಂದು ಅದನ್ನು ಮರೆಸಿದ್ದಾನೆ ಎಂಬುದರ ಗುರುತು.

ತರಗತಿಯಲ್ಲಿ ಹಳಗನ್ನಡ ಕಾವ್ಯದ ಚಂದ್ರೋದಯ ವರ್ಣನೆಯನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ಒಮ್ಮೊಮ್ಮೆ ಕೇಳುವುದುಂಟು: ಈ ನಕ್ಷತ್ರಗಳಿಗೂ ನಮ್ಮ ಸೂರ್ಯ, ಚಂದ್ರ, ಗ್ರಹಗಳಿಗೂ ನಂಟೇನು? ನಂಟೇನೂ ಇಲ್ಲವೆಂಬುದೇ ನೇರವಾದ ಉತ್ತರ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಸುಮಾರು 8 ನಿಮಿಷ ಸಾಕು. ಸೌರವ್ಯೂಹದ ಹೊರಗಿನ ಗ್ರಹವಾದ ನೆಪ್ಚೂನಿನಿಂದ ಬರಲು ಸುಮಾರು 4 ಗಂಟೆ. ರೋಹಿಣಿಯಿಂದ ಹೊರಟ ಬೆಳಕಿಗೆ ಸುಮಾರು 65 ವರ್ಷ ಬೇಕು. ಚಿತ್ರಾ ನಕ್ಷತ್ರದಿಂದ ಹೊರಟದ್ದಕ್ಕೆ ಸುಮಾರು 250 ವರ್ಷ. ಅಷ್ಟೇ ಅಲ್ಲ, ಒಂದು ಪುಂಜವೆಂದು ನಾವು ಕರೆಯುವ ನಕ್ಷತ್ರಗಳು ತಮ್ಮತಮ್ಮಲ್ಲಿಯೂ ನೆರೆಹೊರೆಯವಾಗಿರಬೇಕಾದ್ದಿಲ್ಲ. ಬಂಡಿಯ ಆಕಾರದ ಚುಕ್ಕಿಗಳ ನಡುವೆ ಕೆಂಪಗೆ ಹೊಳೆಯುವ ರೋಹಿಣಿ ಆ ಬಂಡಿಗೆ ಸೇರಿದ್ದೇ ಅಲ್ಲ. ಉಳಿದ ಚುಕ್ಕಿಗಳು ಅದಕ್ಕಿಂತ ಎರಡು ಪಾಲಿಗೂ ಹೆಚ್ಚು ದೂರದಲ್ಲಿವೆ. ದೂರದ ಗುಡ್ಡದ ಮರವೂ ಹತ್ತಿರದ ಬೇಲಿಯ ಕಂಬವೂ ಒಂದೇ ಸಾಲಿನಲ್ಲಿ ಕಂಡಂತೆ ಇದು.

ಆದರೂ ನಂಟಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಓಡಾಡುವವನು ಎಲ್ಲಿಗೆ ಬಂದನೆಂದು ತಿಳಿಯಬೇಕಾದರೆ ಓಡಾಡದ ಗುರುತುಗಳು ಬೇಕು. ಸೂರ್ಯ, ಚಂದ್ರ, ಗ್ರಹಗಳು ಸಂಚಾರಿಗಳು. ನಕ್ಷತ್ರಗಳು, ಒಂದು ಮನುಷ್ಯಾಯುಷ್ಯದ ಮಟ್ಟಿಗೆ, ನೆಟ್ಟ ಕಲ್ಲುಗಳು. ಹಿಂದಿನವರು ಸೂರ್ಯನು ನಡೆಯುವಂತೆ ತೋರುವ ದಾರಿಯನ್ನು, ಅಂದರೆ ಕ್ರಾಂತಿವೃತ್ತವನ್ನು, 13 ಅಂಶ 20 ಕಲೆಗಳಂತೆ 27 ಭಾಗ ಮಾಡಿ ನಕ್ಷತ್ರಗಳೆಂದರು. 30 ಅಂಶಗಳಂತೆ 12 ಭಾಗ ಮಾಡಿ ರಾಶಿಗಳೆಂದರು. ವೃತ್ತಕ್ಕೆ ತುದಿಯಿಲ್ಲ, ಮೊದಲಿಲ್ಲ. ಎಲ್ಲಿಂದ ಒಂದು ಎಂದು ಎಣಿಸಬೇಕು? ಅಶ್ವಿನಿಯ ಮೊದಲ ಗೆರೆ ಆಕಾಶದಲ್ಲಿ ಎಲ್ಲಿ ಬೀಳುತ್ತದೆ? ಈ ಒಂದು ಪ್ರಶ್ನೆಗೆ ತನ್ನ ಆಯುಷ್ಯದ ಬಹುಭಾಗವನ್ನು ಕೊಟ್ಟವರೊಬ್ಬರು ಕನ್ನಡ ನೆಲದಲ್ಲಿ ಹುಟ್ಟಿದ್ದರು. ಅವರೇ ವೆಂಕಟೇಶ ಬಾಪೂಜಿ ಕೇತ್ಕರರು. ಪಂಚಾಂಗ ರಚಿಸುವವರ ವಲಯದಲ್ಲಿ ಅವರ ಹೆಸರು ಇಂದಿಗೂ ಮನೆಮಾತು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಅದನ್ನು ಕೇಳಿದವರು ವಿರಳ. ನಾನು ಗಣಿತಜ್ಞನಲ್ಲ, ಕನ್ನಡದ ಅಧ್ಯಾಪಕ. ಶಾಸನಗಳ ಕಾಲನಿರ್ಣಯದ ದಾರಿ ಹಿಡಿದು ಅವರ ಬಳಿಗೆ ಬಂದವನು.

ಕೇತ್ಕರರು ಹುಟ್ಟಿದ್ದು 1854ನೆಯ ಇಸವಿ ಜನವರಿ 18ರಂದು, ನರಗುಂದದಲ್ಲಿ. ಇಂದು ಗದಗ ಜಿಲ್ಲೆಗೆ ಸೇರಿರುವ ಆ ಊರು ಆಗ ಭಾವೆ ಮನೆತನದ ಒಂದು ಪುಟ್ಟ ಸಂಸ್ಥಾನದ ರಾಜಧಾನಿ. ದತ್ತು ಸ್ವೀಕಾರಕ್ಕೆ ಇಂಗ್ಲಿಷರು ಒಪ್ಪದೆ ಹೋದುದರಿಂದ ಕೆರಳಿದ ದೊರೆ ಬಾಬಾಸಾಹೇಬನು 1858ರಲ್ಲಿ ಬಂಡೆದ್ದನು, ಇಂಗ್ಲಿಷರ ರಾಜಕೀಯ ಪ್ರತಿನಿಧಿ ಮ್ಯಾನ್ಸನ್ ಹತನಾದನು, ಕೋಟೆ ಬಿದ್ದಿತು, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆಗ ವೆಂಕಟೇಶನಿಗೆ ನಾಲ್ಕು ವರ್ಷ. ಆಸ್ಥಾನವೊಂದರ ಆಶ್ರಯದಲ್ಲಿ ಶಾಸ್ತ್ರ ಬೆಳೆಯುತ್ತಿದ್ದ ಕಾಲ ಆ ಊರಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಆ ತಲೆಮಾರಿನ ಜಾಣ ಹುಡುಗರಿಗೆ ಉಳಿದದ್ದು ಸರಕಾರಿ ಶಾಲೆ, ಸರಕಾರಿ ನೌಕರಿ. ಮನೆಮಾತು ಮರಾಠಿ, ಬೀದಿಯ ಮಾತು ಕನ್ನಡ, ಶಾಸ್ತ್ರದ ಮಾತು ಸಂಸ್ಕೃತ, ಕಚೇರಿಯ ಮಾತು ಇಂಗ್ಲಿಷ್: ಈ ನಾಲ್ಕರ ನಡುವೆ ಅವರ ಬಾಳು ನಡೆಯಿತು.

ಅವರಿಗೆ 14 ವರ್ಷವಾಗಿದ್ದಾಗ, 1868ರ ಆಗಸ್ಟ್ 18ರಂದು, ಆ ಸೀಮೆಯ ಆಕಾಶದಲ್ಲಿ ನಡುಹಗಲಿಗೆ ಮುಂಚೆಯೇ ಕತ್ತಲೆ ಕವಿಯಿತು. ಆ ಖಗ್ರಾಸ ಸೂರ್ಯಗ್ರಹಣದ ನೆರಳು ಬಿಜಾಪುರದ ಸೀಮೆಯನ್ನು ಹಾದು ಪೂರ್ವ ಕರಾವಳಿಯ ಕಡೆಗೆ ಹೋಯಿತು. ಅದನ್ನು ನೋಡಲು ದೂರದೂರದಿಂದ ವಿದ್ವಾಂಸರು ಬಂದಿದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ನೆಲಸಿದ್ದನು. ನಮ್ಮ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಯುವ ಸೈನ್ಯಾಧಿಕಾರಿ ವರ್ಣಪಟಲದರ್ಶಕವನ್ನು ಹೂಡಿ, ಮೋಡಗಳ ಕಾಟದ ನಡುವೆಯೇ ಸೂರ್ಯನ ಅಂಚಿನ ಜ್ವಾಲೆಗಳನ್ನು ಪರೀಕ್ಷಿಸಿದನು. ಈ ಹರ್ಷೆಲನು 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಆ ಅಜ್ಜನೇ 1783ರಲ್ಲಿ ಇನ್ನೊಂದು ದೊಡ್ಡ ಮಾತನ್ನು ತೋರಿಸಿಕೊಟ್ಟಿದ್ದನು: ನಕ್ಷತ್ರಗಳ ಸೂಕ್ಷ್ಮ ಚಲನೆಗಳನ್ನು ಒಟ್ಟುಗೂಡಿಸಿ ನೋಡಿದರೆ ನಮ್ಮ ಸೂರ್ಯನು ತನ್ನ ಗ್ರಹಪರಿವಾರವನ್ನೆಲ್ಲ ಕಟ್ಟಿಕೊಂಡು ಹರ್ಕ್ಯುಲೀಸ್ ಪುಂಜದ ದಿಕ್ಕಿಗೆ ಸಾಗುತ್ತಿದ್ದಾನೆ ಎಂಬುದು. ನೆಟ್ಟ ಕಲ್ಲುಗಳೆಂದುಕೊಂಡವೂ ನಡೆಯುತ್ತವೆ. ಅಳೆಯುವ ನಾವೂ ನಡೆಯುತ್ತೇವೆ. ಜಮಖಂಡಿಯ ಆ ಬೆಳಗು ನರಗುಂದದ ಹುಡುಗನ ಮೇಲೆ ಏನು ಪರಿಣಾಮ ಮಾಡಿತೆಂದು ಕಲ್ಪಿಸಿ ಬರೆಯುವುದು ಸುಲಭ; ನಾನು ಬರೆಯುವುದಿಲ್ಲ. ಯುರೋಪಿನ ಹೊಸ ಖಗೋಳಶಾಸ್ತ್ರವು ಪುಸ್ತಕದಲ್ಲಿ ಮಾತ್ರವಲ್ಲ, ನೆರೆಯ ಊರಿನಲ್ಲಿಯೇ ಬಂದಿಳಿದಿದ್ದ ಕಾಲ ಅದು ಎಂಬುದಷ್ಟೇ ಸಾಕು.

1874ರಲ್ಲಿ ಕೇತ್ಕರರು ಮುಂಬಯಿ ಸರಕಾರದ ವಿದ್ಯಾ ಇಲಾಖೆಯನ್ನು ಸೇರಿ ಉಪಾಧ್ಯಾಯರಾದರು. 1911ರಲ್ಲಿ ನಿವೃತ್ತರಾದರು. ಮೂವತ್ತೇಳು ವರ್ಷಗಳ ಈ ನೌಕರಿಯ ಅವಧಿಯಲ್ಲಿ ಬಾಗಲಕೋಟೆಯ ಇಂಗ್ಲಿಷ್ ಶಾಲೆಯ ಮುಖ್ಯೋಪಾಧ್ಯಾಯರಾಗಿಯೂ ಇದ್ದರು. ಶಾಲಾ ಮಾಸ್ತರರ ದಿನಚರಿ ಎಂಥದೆಂದು ಅದನ್ನು ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಹಾಜರಿ ಪುಸ್ತಕ, ಪರೀಕ್ಷೆಯ ಉತ್ತರಪತ್ರಿಕೆ, ಇನ್ಸ್‌ಪೆಕ್ಟರರ ಭೇಟಿ, ವರ್ಗಾವಣೆ. ಇವುಗಳಿಂದ ಉಳಿದ ವೇಳೆಯಲ್ಲಿ ಅವರು ಮಾಡಿದ ಕೆಲಸವನ್ನು ನೋಡಿದರೆ ನನ್ನಂಥ ಅಧ್ಯಾಪಕರಿಗೆ ನಾಚಿಕೆಯಾಗಬೇಕು.

ಆ ಕೆಲಸ ಯಾಕೆ ಬೇಕಾಗಿತ್ತು? ನಮ್ಮ ಸೀಮೆಯ ಹಲವು ಪಂಚಾಂಗಗಳಿಗೆ ಆಗ ಆಧಾರ ಗಣೇಶ ದೈವಜ್ಞನು 1520ರ ಸುಮಾರಿಗೆ ರಚಿಸಿದ ಗ್ರಹಲಾಘವ. ಅದು ಜಾಣತನದ ಗ್ರಂಥ. ಕಷ್ಟದ ಲೆಕ್ಕವನ್ನು ಹಗುರಮಾಡಿಕೊಟ್ಟಿತು. ಆದರೆ ಯಾವ ಗಡಿಯಾರವನ್ನೂ ಮೂರೂವರೆ ಶತಮಾನ ತಿದ್ದದೆ ಬಿಟ್ಟರೆ ಅದು ತಪ್ಪು ತೋರಿಸದೆ ಇರದು. ಲೆಕ್ಕದ ಗ್ರಹ ಒಂದು ಕಡೆ, ಆಕಾಶದ ಗ್ರಹ ಇನ್ನೊಂದು ಕಡೆ ನಿಲ್ಲತೊಡಗಿದುವು. ಪಂಚಾಂಗವು ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದಬೇಕೆಂಬ ದೃಗ್ಗಣಿತದ ಚಳವಳಿ 19ನೆಯ ಶತಮಾನದ ನಡುವಿನಲ್ಲಿ ಹಲವೆಡೆ ಮೊಳೆಯಿತು. ಮದರಾಸಿನ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ಅಲ್ಲಿ ಅಂಥ ಪಂಚಾಂಗವನ್ನು ಹೊರತಂದರು. ಪುಣೆಯ ಕಡೆ ಕೇರೋ ಲಕ್ಷ್ಮಣ ಛತ್ರೆಯವರು ಗ್ರಹಸಾಧನದ ಕೋಷ್ಟಕಗಳನ್ನು 1860ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದರು. ಕೇತ್ಕರರ ಸಮವಯಸ್ಕರಾದ ಶಂಕರ ಬಾಲಕೃಷ್ಣ ದೀಕ್ಷಿತರು ಭಾರತೀಯ ಜ್ಯೋತಿಷಶಾಸ್ತ್ರದ ಮಹಾಚರಿತ್ರೆಯನ್ನು 1896ರಲ್ಲಿ ಪ್ರಕಟಿಸಿ, ಎರಡೇ ವರ್ಷದಲ್ಲಿ ತೀರಿಕೊಂಡರು. ಕೇತ್ಕರರು ಹಿಡಿದ ದಾರಿ ಇವರೆಲ್ಲರಿಗಿಂತ ಭಿನ್ನ. ಯುರೋಪಿನ ಹೊಸ ಕೋಷ್ಟಕಗಳ ಸಾರವನ್ನು ಹೀರಿ ಅದನ್ನು ಸಂಸ್ಕೃತದಲ್ಲಿ, ಹಳೆಯ ಸಿದ್ಧಾಂತ ಕರಣಗ್ರಂಥಗಳ ಉಡುಪಿನಲ್ಲಿ, ಪಂಚಾಂಗದ ಜೋಯಿಸರ ಕೈಗೆಟಕುವಂತೆ ಇಟ್ಟರು. ಜ್ಯೋತಿರ್ಗಣಿತ ಅವರ ದೊಡ್ಡ ಗ್ರಂಥ. ಅದರ ಬಳಿಕ ಗ್ರಹಗಣಿತ. ಇದನ್ನು ಕೇತಕೀ ಎಂದೇ ಜನ ಕರೆದರು. ಮನೆತನದ ಹೆಸರೂ ಬಂತು, ಕೇದಗೆಯ ಕಂಪೂ ಬಂತು. ವೈಜಯಂತಿ ಮೊದಲಾದ ಇತರ ಕೃತಿಗಳೂ ಇವೆ.

ಭಾಷೆಯ ಈ ಆಯ್ಕೆಯನ್ನು ಕೆಲವರು ಹಿಂಜರಿತವೆಂದು ತಿಳಿಯಬಹುದು. ನನಗೆ ಹಾಗೆ ತೋರುವುದಿಲ್ಲ. ಜೋಯಿಸನಿಗೆ ಲೆವೆರ್ಯೆಯ ಹೆಸರು ಹೇಳಿ ಒಪ್ಪಿಸುವುದಕ್ಕಿಂತ ಅವನಿಗೆ ಬಾಯಿಗೆ ಬರುವ ಶ್ಲೋಕದಲ್ಲಿಯೇ ಹೊಸ ಅಂಕಿಯನ್ನು ಇಡುವುದು ಹೆಚ್ಚು ಕೆಲಸ ಮಾಡುತ್ತದೆಂದು ಮಾಸ್ತರಿಕೆಯ ಅನುಭವ ಅವರಿಗೆ ಕಲಿಸಿರಬೇಕು.

ಇನ್ನು ಗಡಿಕಲ್ಲಿನ ಮಾತು. ಇಲ್ಲಿ ವಾಚಕರು ಸ್ವಲ್ಪ ತಾಳ್ಮೆ ತೋರಬೇಕು. ಪಂಚಾಂಗದ ಐದು ಅಂಗಗಳಲ್ಲಿ ತಿಥಿಗೆ ನಕ್ಷತ್ರಗಳ ಹಂಗಿಲ್ಲ. ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಎಂಬುದಷ್ಟೇ ತಿಥಿ. 12 ಅಂಶಕ್ಕೊಂದು ತಿಥಿ. ಕರಣ ಅದರ ಅರ್ಧ. ವಾರವಂತೂ ಬರಿಯ ಎಣಿಕೆ. ಈ ಮೂರೂ ನಮ್ಮ ಸೌರವ್ಯೂಹದ ಒಳಮನೆಯ ವ್ಯವಹಾರ. ಆದರೆ ಚಂದ್ರನು ಯಾವ ನಕ್ಷತ್ರದಲ್ಲಿದ್ದಾನೆ, ಯೋಗ ಯಾವುದು, ಸೂರ್ಯನು ಯಾವ ರಾಶಿಯನ್ನು ಹೊಕ್ಕನು, ಸಂಕ್ರಮಣ ಯಾವ ದಿನ, ಅಧಿಕಮಾಸ ಯಾವ ತಿಂಗಳಿಗೆ ಬರಬೇಕು, ಆರಿದ್ರೆ ಮಳೆ ಎಂದು ಹುಟ್ಟುತ್ತದೆ, ಇವೆಲ್ಲಕ್ಕೂ ಮನೆಯ ಹೊರಗಿನ ನಕ್ಷತ್ರಗಳಲ್ಲಿ ಒಂದು ಗುರುತು ಬೇಕೇ ಬೇಕು.

ಕಷ್ಟ ಹುಟ್ಟುವುದು ಅಯನಚಲನದಿಂದ. ಭೂಮಿಯ ಅಕ್ಷವು ತಿರುಗುವ ಬುಗುರಿಯ ಹಾಗೆ ಬಹಳ ನಿಧಾನವಾಗಿ ಓಲಾಡುತ್ತದೆ. ಒಂದು ಓಲಾಟಕ್ಕೆ ಸುಮಾರು 25,800 ವರ್ಷ. ಅದರ ಫಲವಾಗಿ ಹಗಲಿರುಳು ಸಮವಾಗುವ ವಿಷುವಬಿಂದು ನಕ್ಷತ್ರಗಳ ನಡುವೆ ವರ್ಷಕ್ಕೆ 50 ವಿಕಲೆಗಿಂತ ತುಸು ಹೆಚ್ಚು ಹಿಂದೆ ಸರಿಯುತ್ತದೆ. ಒಂದು ಅಂಶ ಸರಿಯಲು ಸುಮಾರು 72 ವರ್ಷ. ನಕ್ಷತ್ರಗಳಿಂದ ಎಣಿಸುವ ಮೊದಲ ಬಿಂದುವಿಗೂ ಋತುಗಳಿಂದ ಎಣಿಸುವ ಮೊದಲ ಬಿಂದುವಿಗೂ ನಡುವಣ ಈ ಅಂತರವೇ ಅಯನಾಂಶ. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ನಾವು ಎಳ್ಳುಬೆಲ್ಲ ಬೀರುವುದು ಜನವರಿ 14ರ ಸುಮಾರಿಗೆ. ಆ ಮೂರು ವಾರಕ್ಕೂ ಮೀರಿದ ಅಂತರದಲ್ಲಿ ಅಯನಾಂಶವನ್ನು ನಮ್ಮ ಮನೆಯಂಗಳದಲ್ಲಿಯೇ ಕಾಣಬಹುದು. ನಮ್ಮೂರಿನ ಹೆಸರಿನಲ್ಲಿಯೂ ಈ ಅಯನವೇ ಇದೆಯೆಂದು ನನ್ನ ವಿದ್ಯಾರ್ಥಿಯೊಬ್ಬ ಉತ್ಸಾಹದಿಂದ ಸಾಧಿಸಹೊರಟಿದ್ದುಂಟು. ಸ್ಥಳನಾಮದ ವ್ಯುತ್ಪತ್ತಿಯನ್ನು ಕಿವಿಯಿಂದ ನಿರ್ಣಯಿಸಬಾರದೆಂದು ಅವನಿಗೆ ಹೇಳಿದೆ.

ಸರಿ, ಅಯನಾಂಶ ಎಷ್ಟು? ಅಶ್ವಿನಿಯ ಮೊದಲ ಗೆರೆ ಎಲ್ಲಿದೆಯೆಂದು ಗೊತ್ತಾದರೆ ಮಾತ್ರ ಇದಕ್ಕೆ ಉತ್ತರ. ಪಂಡಿತರೆಲ್ಲರೂ ಮಾನ್ಯಮಾಡುವ ಸೂರ್ಯಸಿದ್ಧಾಂತವನ್ನು ತೆರೆದರೆ ರೇವತಿಯ ಯೋಗತಾರೆ ಮೊದಲ ಗೆರೆಯ ಬಳಿಯಲ್ಲಿಯೇ, ಅದಕ್ಕೆ ಹತ್ತೇ ಕಲೆ ಹಿಂದೆ ಇದೆ. ಚಿತ್ರಾ ನಕ್ಷತ್ರ ಸರಿಯಾಗಿ 180 ಅಂಶದಲ್ಲಿ, ಅಂದರೆ ಎದುರು ತುದಿಯಲ್ಲಿ ಇದೆ. ಎರಡೂ ಒಂದೇ ಗ್ರಂಥದ ಮಾತು. ಆದರೆ ಆಕಾಶವನ್ನು ಅಳೆದು ನೋಡಿದರೆ ರೇವತಿಯೆಂದು ಹೇಳುವ ಝೀಟಾ ಪಿಸಿಯಂ ಎಂಬ ಚುಕ್ಕಿಯೂ ಚಿತ್ರೆಯೂ ಹಾಗೆ ಎದುರುಬದರಾಗಿಲ್ಲ. ಸುಮಾರು 4 ಅಂಶ ವ್ಯತ್ಯಾಸ ಬೀಳುತ್ತದೆ. ಒಂದನ್ನು ನಂಬಿದರೆ ಇನ್ನೊಂದನ್ನು ಬಿಡಬೇಕು. ಹೀಗೆ ರೇವತೀಪಕ್ಷ, ಚಿತ್ರಾಪಕ್ಷ ಎಂದು ಎರಡು ಪಂಗಡಗಳಾದುವು. ಛತ್ರೆಯವರ ಪರಂಪರೆ ರೇವತಿಯದು. ಲೋಕಮಾನ್ಯ ತಿಲಕರ ಹೆಸರಿನಲ್ಲಿ ನಡೆದುಬಂದ ಪಂಚಾಂಗವೂ ರೇವತಿಯದೇ. ನಕ್ಷತ್ರಗಳ ಗೊಡವೆಯೇ ಬೇಡ, ಋತುಗಳಿಂದಲೇ ಎಣಿಸೋಣವೆಂಬ ಸಾಯನಪಕ್ಷದವರು ಮೂರನೆಯವರು. ದೀಕ್ಷಿತರಂಥ ವಿದ್ವಾಂಸರ ಒಲವು ಅತ್ತ. ಕೇತ್ಕರರು ಚಿತ್ರೆಯ ಪರವಾಗಿ ನಿಂತರು. ಅವರ ಹೆಸರಿನೊಡನೆ ಇಂದಿಗೂ ಅಂಟಿಕೊಂಡಿರುವುದು ಆ ಪಕ್ಷವೇ.

ನಾಲ್ಕು ಅಂಶವೆಂದರೆ ಹುಡುಗಾಟವಲ್ಲ. ಸೂರ್ಯನಿಗೆ ಅದು ನಾಲ್ಕು ದಿನದ ದಾರಿ. ರೇವತೀಪಕ್ಷದ ಪಂಚಾಂಗದಲ್ಲಿ ಮಕರ ಸಂಕ್ರಾಂತಿ ಜನವರಿ 10ರ ಸುಮಾರಿಗೇ ಬಂದುಬಿಡುತ್ತದೆ. ಚಂದ್ರನಿಗೆ ಅದು ಏಳು ಗಂಟೆಗಿಂತ ಹೆಚ್ಚಿನ ದಾರಿ. ಹುಟ್ಟಿದ ಮಗುವಿನ ನಕ್ಷತ್ರವೇ ಬದಲಾಗಬಹುದು. ಕೆಲವು ವರ್ಷ ಅಧಿಕಮಾಸವೇ ಬೇರೆ ತಿಂಗಳಿಗೆ ಬಿದ್ದು, ಒಂದೇ ಬೀದಿಯ ಎರಡು ಮನೆಗಳಲ್ಲಿ ಹಬ್ಬಗಳು ಒಂದು ತಿಂಗಳ ಅಂತರದಲ್ಲಿ ನಡೆಯಬಹುದು. ಕೇತ್ಕರರಿಗೆ ಎದುರಾಳಿಗಳಾಗಿದ್ದವರು ಅಜ್ಞಾನಿಗಳಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅವರ ಕೈಯಲ್ಲಿಯೂ ಅದೇ ಸೂರ್ಯಸಿದ್ಧಾಂತವಿತ್ತು, ಅದೇ ಹೊಸ ಗಣಿತವಿತ್ತು.

ಆದರೂ ನನ್ನ ಮನಸ್ಸು ಚಿತ್ರೆಯ ಕಡೆಗೇ ವಾಲುತ್ತದೆ. ಕಾರಣ ಶಾಸ್ತ್ರದ್ದಲ್ಲ, ಕಣ್ಣಿನದು. ಝೀಟಾ ಪಿಸಿಯಂ ಐದನೆಯ ತರಗತಿಯ ಮಸುಕು ಚುಕ್ಕಿ. ಬೆಳುದಿಂಗಳಿದ್ದರೆ ಅದನ್ನು ಹುಡುಕುವುದೇ ಕಷ್ಟ. ಚಿತ್ರೆಯಾದರೋ ಮೊದಲ ತರಗತಿಯ ಬಿಳಿನೀಲಿ ನಕ್ಷತ್ರ. ಸೂರ್ಯನ ದಾರಿಗೆ ಎರಡೇ ಅಂಶ ದಕ್ಷಿಣಕ್ಕಿದೆ. ಕೆಲವು ವರ್ಷಗಳಲ್ಲಿ ಚಂದ್ರನೇ ಅದನ್ನು ಮರೆಮಾಡಿ ಹಾದುಹೋಗುತ್ತಾನೆ. ಹೊಲಕ್ಕೆ ಗಡಿ ಹಾಕುವವನು ಹುಲ್ಲಿನಲ್ಲಿ ಹೂತುಹೋಗುವ ಬೆಣಚುಕಲ್ಲನ್ನು ಆರಿಸುವುದಿಲ್ಲ. ಏಪ್ರಿಲ್ 14ರ ಸುಮಾರಿಗೆ ಸೂರ್ಯನು ಮೇಷವನ್ನು ಹೊಗುತ್ತಾನೆ ಎನ್ನುತ್ತೇವಲ್ಲ, ಆ ರಾತ್ರಿ ಹನ್ನೆರಡು ಕಳೆದು ಅರ್ಧ ಗಂಟೆಯಾಗುವಾಗ ಆಯನೂರಿನಲ್ಲಿ ಅಂಗಳಕ್ಕೆ ಬಂದು ನೋಡಿದರೆ ಚಿತ್ರೆ ದಕ್ಷಿಣೋತ್ತರ ರೇಖೆಯ ಮೇಲೆಯೇ, ನೆತ್ತಿಯಿಂದ ಕೊಂಚ ದಕ್ಷಿಣಕ್ಕೆ ನಿಂತಿರುತ್ತದೆ. ಕಾಲಡಿಯ ಭೂಮಿಯ ಆಚೆ, ಅದಕ್ಕೆ ನೇರ ಎದುರಿಗೆ, ಸೂರ್ಯ. ಚಿತ್ರಾಪಕ್ಷವೆಂದರೆ ಇಷ್ಟೇ. ಹುಣ್ಣಿಮೆಯ ಚಂದ್ರ ಚಿತ್ರೆಯ ಬಳಿ ನಿಲ್ಲುವ ತಿಂಗಳಿಗೆ ಚೈತ್ರವೆಂದು ಹೆಸರಿಟ್ಟವರ ಲೆಕ್ಕವೂ ಇದರೊಡನೆ ಕೂಡಿಕೊಳ್ಳುತ್ತದೆ.

ಈ ಗಡಿಯಿಂದ ಎಣಿಸಿದರೆ ಎರಡು ಮೊದಲ ಬಿಂದುಗಳೂ ಒಂದೇ ಆಗಿದ್ದುದು ಕ್ರಿ.ಶ. 285ರ ಸುಮಾರಿಗೆ. ಮಳೆಯ ಹೆಸರುಗಳಿಗೆ ಇದರಿಂದ ಒಂದು ಹೊಸ ಬೆಳಕು ಬೀಳುತ್ತದೆ. ಈಗ ಸೂರ್ಯನು ಆರ್ದ್ರೆಯನ್ನು ಹೊಗುವುದು ಜೂನ್ 22ರ ಸುಮಾರಿಗೆ. ಆ ಹಿಂದಿನ ಕಾಲದಲ್ಲಿ ಋತುಮಾನದ ಲೆಕ್ಕಕ್ಕೆ ಅದು ಮೇ ತಿಂಗಳ ಕೊನೆಯಲ್ಲಿಯೇ ಆಗುತ್ತಿತ್ತು. ಎಂದರೆ ಮಲೆನಾಡಿಗೆ ಮುಂಗಾರು ಕಾಲಿಡುವ ಹೊತ್ತಿಗೆ ಅಂದು ಇದ್ದದ್ದು ಆರ್ದ್ರೆ, ಇಂದು ಇರುವುದು ಮೃಗಶಿರೆ. ಮಳೆ ತನ್ನ ಕಾಲಕ್ಕೇ ಬರುತ್ತಿದೆ. ಅದರ ಹೆಸರು ಮಾತ್ರ ಸದ್ದಿಲ್ಲದೆ ಮುಂದೆ ಸರಿಯುತ್ತಿದೆ. ಇನ್ನೊಂದು ಸಾವಿರ ವರ್ಷ ಕಳೆದರೆ ನಮ್ಮ ರೈತರು ರೋಹಿಣಿಯ ಮಳೆಗೆ ಗದ್ದೆ ಉಳಬೇಕಾದೀತು. ಸಾಯನಪಕ್ಷದವರ ವಾದದ ಬಲ ಇಲ್ಲಿದೆ, ಅದನ್ನು ತಳ್ಳಿಹಾಕುವಂತಿಲ್ಲ.

ನೌಕರಿಯಿಂದ ನಿವೃತ್ತರಾದ 1911ರಲ್ಲಿಯೇ ಕೇತ್ಕರರು ಇನ್ನೊಂದು ಸಾಹಸಕ್ಕೆ ಕೈಹಾಕಿದರು. ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಅವರ ಲೇಖನವೊಂದು ಪ್ರಕಟವಾಯಿತು. ನೆಪ್ಚೂನಿನ ಆಚೆಗೆ ಇನ್ನೂ ಎರಡು ಗ್ರಹಗಳಿರಬೇಕೆಂದು ಅದರಲ್ಲಿ ಅವರು ಊಹಿಸಿದ್ದರು. ಅವಕ್ಕೆ ಬ್ರಹ್ಮ, ವಿಷ್ಣು ಎಂದು ಹೆಸರನ್ನೂ ಇಟ್ಟಿದ್ದರು. ಊಹೆಯ ಮೂಲ ಗುರುಗ್ರಹದ ಉಪಗ್ರಹಗಳಲ್ಲಿತ್ತು. ಗುರುವಿನ ಮೂರು ದೊಡ್ಡ ಚಂದ್ರರಲ್ಲಿ ಒಳಗಿನದು ನಾಲ್ಕು ಸುತ್ತು ಬರುವಾಗ ಎರಡನೆಯದು ಎರಡು ಸುತ್ತು, ಮೂರನೆಯದು ಒಂದು ಸುತ್ತು ಬರುತ್ತದೆ. ತಾಳ ತಪ್ಪದ ಈ ಕುಣಿತವನ್ನು ಲಾಪ್ಲಾಸನು ಗಣಿತದಿಂದ ವಿವರಿಸಿದ್ದನು. ಯುರೇನಸ್, ನೆಪ್ಚೂನ್ ಮತ್ತು ಅವುಗಳ ಆಚೆಯ ಕಾಣದ ಗ್ರಹಗಳ ನಡುವೆಯೂ ಇಂಥ ತಾಳವೊಂದಿರಬೇಕೆಂದು ಕೇತ್ಕರರು ಎಣಿಸಿದರು. ಬ್ರಹ್ಮಗ್ರಹಕ್ಕೆ ಅವರು ಕೊಟ್ಟ ದೂರ ಭೂಮಿಗೂ ಸೂರ್ಯನಿಗೂ ಇರುವ ದೂರದ 38.95 ಪಟ್ಟು, ಸೂರ್ಯನನ್ನು ಸುತ್ತುವ ಕಾಲ 242.28 ವರ್ಷ. 1930ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಟಾಂಬಾ ಎಂಬ ತರುಣನು ಪ್ಲೂಟೋವನ್ನು ಕಂಡನು. ಅದರ ದೂರ ಸುಮಾರು 39.5 ಪಟ್ಟು, ಕಾಲ 248 ವರ್ಷ.

ಇದನ್ನು ಹಿಡಿದು, ಪ್ಲೂಟೋವನ್ನು ಮೊದಲು ಕಂಡುಹಿಡಿದವರು ಕೇತ್ಕರರೇ ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಅಭಿಮಾನ ಒಳ್ಳೆಯದು, ಆದರೆ ಈ ಹೊಗಳಿಕೆ ಅವರಿಗೆ ಸಲ್ಲದು. ನೆಪ್ಚೂನ್ ಸಿಕ್ಕಿದ ರೀತಿಯನ್ನು ಇದರೊಡನೆ ಹೋಲಿಸಿ ನೋಡಬೇಕು. 1846ರಲ್ಲಿ ಲೆವೆರ್ಯೆ ಲೆಕ್ಕ ಹಾಕಿ, ನಕ್ಷತ್ರಗಳ ನಡುವೆ ಇಂಥ ಕಡೆ ನೋಡಿರೆಂದು ಬರ್ಲಿನ್ನಿಗೆ ಬರೆದನು. ಸೆಪ್ಟೆಂಬರ್ 23ರ ರಾತ್ರಿ ಗಾಲೆ ದೂರದರ್ಶಕವನ್ನು ಅತ್ತ ತಿರುಗಿಸಿದನು. ಜೊತೆಗಿದ್ದವನು ಹೊಸ ನಕ್ಷತ್ರಪಟವನ್ನು ಹರಡಿಕೊಂಡು ಒಂದೊಂದೇ ಚುಕ್ಕಿಯನ್ನು ತಾಳೆ ನೋಡಿದನು. ಪಟದಲ್ಲಿಲ್ಲದ ಒಂದು ಚುಕ್ಕಿ ಆಕಾಶದಲ್ಲಿತ್ತು. ಹೇಳಿದ ಸ್ಥಾನಕ್ಕೂ ಅದಕ್ಕೂ ಒಂದು ಅಂಶದಷ್ಟೂ ಅಂತರವಿರಲಿಲ್ಲ. ನಕ್ಷತ್ರಗಳು ಸೌರವ್ಯೂಹಕ್ಕೆ ಮಾಡುವ ಉಪಕಾರವೆಂದರೆ ಇದು. ಅವು ಗೆರೆ ಎಳೆದ ಕಾಗದ. ಹೊಸ ಅಕ್ಷರ ಮೂಡಿದರೆ ಅದರ ಮೇಲೆಯೇ ಗೊತ್ತಾಗಬೇಕು. ಪ್ಲೂಟೋ ಸಿಕ್ಕಿದ್ದೂ ಮಿಥುನ ಪುಂಜದ ಎರಡು ಛಾಯಾಚಿತ್ರಗಳಲ್ಲಿ ಒಂದು ಚುಕ್ಕಿ ಮಾತ್ರ ಸ್ಥಳ ಬದಲಿಸಿದ್ದರಿಂದ. ಕೇತ್ಕರರು ದೂರ ಹೇಳಿದರು, ಕಾಲ ಹೇಳಿದರು; ಯಾವ ಪುಂಜದಲ್ಲಿ ಹುಡುಕಬೇಕೆಂಬುದನ್ನು ಹೇಳಲಿಲ್ಲ. ನಕ್ಷತ್ರಗಳ ನಡುವೆ ಗಡಿ ಗುರುತಿಸಲು ಬದುಕು ಸವೆಸಿದವರು ತಮ್ಮ ಗ್ರಹಕ್ಕೆ ಮಾತ್ರ ನಕ್ಷತ್ರವನ್ನು ಹೇಳದೆ ಬಿಟ್ಟರು. ಅವರ ಅಂಕಿಗಳು ಪ್ಲೂಟೋವಿನ ಸಮೀಪಕ್ಕೆ ಬಂದದ್ದು ನಿಜ. ಅದು ಬಹುಮಟ್ಟಿಗೆ ಅದೃಷ್ಟವೆಂದೇ ನನ್ನ ಎಣಿಕೆ. ವಿಷ್ಣುಗ್ರಹವಂತೂ ಇಂದಿಗೂ ಸಿಕ್ಕಿಲ್ಲ. ಪ್ಲೂಟೋವನ್ನೇ 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಗ್ರಹಗಳ ಪಂಕ್ತಿಯಿಂದ ಇಳಿಸಿ ಕುಬ್ಜಗ್ರಹವೆಂದಿತು. ಅದೇನಿದ್ದರೂ, ವಿದ್ಯಾ ಇಲಾಖೆಯ ನಿವೃತ್ತ ಉಪಾಧ್ಯಾಯರೊಬ್ಬರು ಆ ಕಾಲದಲ್ಲಿ ಪ್ಯಾರಿಸಿನ ವಿದ್ವಾಂಸರ ಪತ್ರಿಕೆಯಲ್ಲಿ ನಿಂತು ಮಾತನಾಡಿದರೆಂಬುದು ಸಣ್ಣ ಸಂಗತಿಯಲ್ಲ.

ನನಗೆ ಅವರ ಹೆಚ್ಚಿನ ಉಪಕಾರವಾಗಿ ತೋರುವುದು ಮತ್ತೊಂದು ಗ್ರಂಥ. ಭಾರತೀಯ ಮತ್ತು ವಿದೇಶೀ ಕಾಲಗಣನೆಯನ್ನು ಕುರಿತು ಇಂಗ್ಲಿಷಿನಲ್ಲಿ ಅವರು ಬರೆದ ಈ ಪುಸ್ತಕವನ್ನು ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆ 1923ರಲ್ಲಿ ತನ್ನ ಪತ್ರಿಕೆಯ ವಿಶೇಷ ಸಂಚಿಕೆಯಾಗಿ ಪ್ರಕಟಿಸಿತು. ಕ್ರಿ.ಪೂ. 3102ರಿಂದ ಕ್ರಿ.ಶ. 2100ರವರೆಗಿನ ಕಾಲಕ್ಕೆ ಅದರಲ್ಲಿ ಕೋಷ್ಟಕಗಳಿವೆ. ರೈಸ್ ಸಾಹೇಬರು 1902 ಮತ್ತು 1904ರಲ್ಲಿ ಹೊರತಂದ ಶಿವಮೊಗ್ಗ ಜಿಲ್ಲೆಯ ಶಾಸನ ಸಂಪುಟಗಳನ್ನು ತಿರುವಿಹಾಕಿದವರಿಗೆ ಇದರ ಬೆಲೆ ತಿಳಿದೀತು. ಬಳ್ಳಿಗಾವೆಯ ಒಂದು ದಾನಶಾಸನವಿರಲಿ, ಹಳ್ಳಿಯ ಒಂದು ವೀರಗಲ್ಲಿರಲಿ, ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳ ಜೊತೆಗೆ ಹಲವೊಮ್ಮೆ ಉತ್ತರಾಯಣ ಸಂಕ್ರಮಣ, ಸೂರ್ಯಗ್ರಹಣ, ವ್ಯತೀಪಾತ ಎಂದು ಬರೆದಿರುತ್ತದೆ. ಬರೆಸಿದವನು ಪುಣ್ಯಕ್ಕಾಗಿ ಬರೆಸಿದ. ನಮಗೆ ಅದು ಸಾಕ್ಷಿ. ತಿಥಿಗೂ ವಾರಕ್ಕೂ ತಾಳೆ ಬಿದ್ದರೆ ಶಾಸನದ ದಿನ ಖಚಿತ. ಬೀಳದಿದ್ದರೆ ಕಲ್ಲು ಕುಟಿಗನ ಕೈತಪ್ಪೋ, ಕೂಟಶಾಸನವೋ ಎಂದು ಸಂಶಯ. ಇಂಥ ಕೋಷ್ಟಕಗಳಿಲ್ಲದೆ ನಮ್ಮ ಕವಿಗಳ, ಅರಸರ ಕಾಲದ ಚರ್ಚೆಯೆಲ್ಲ ಬರಿಯ ಬಾಯಿಮಾತಾಗುತ್ತಿತ್ತು. ಈ ಕೆಲಸದಲ್ಲಿ ದೀಕ್ಷಿತರೂ ಸ್ವಾಮಿಕಣ್ಣು ಪಿಳ್ಳೆಯವರೂ ಕೇತ್ಕರರ ಜೊತೆಯವರು.

ಮರಾಠಿಯಲ್ಲಿ ಅವರು ನಕ್ಷತ್ರವಿಜ್ಞಾನವೆಂಬ ಪುಸ್ತಕವನ್ನೂ ಬರೆದರು. ಸಂಸ್ಕೃತಕ್ಕೆ ಗಣಿತ, ಇಂಗ್ಲಿಷಿಗೆ ಕಾಲಗಣನೆ, ಮರಾಠಿಗೆ ನಕ್ಷತ್ರಗಳು ಸಂದುವು. ಅವರು ಅಕ್ಷರ ಕಲಿಸಿದ ನೆಲದ ಭಾಷೆಗೆ ಏನೂ ಸಲ್ಲಲಿಲ್ಲ. ಇದನ್ನು ಅವರ ತಪ್ಪೆಂದು ಎಣಿಸಲಾರೆ. ಆಗಿನ ಮುಂಬಯಿ ಕರ್ನಾಟಕದಲ್ಲಿ ಕನ್ನಡದ ಸ್ಥಿತಿ ಎಂಥದಾಗಿತ್ತೆಂದು ಬಲ್ಲವರು ಬಲ್ಲರು. ಆದರೆ ಅವರು ತೀರಿಕೊಂಡು ಇಷ್ಟು ದಶಕಗಳಾದ ಮೇಲೂ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಇಡಬಹುದಾದ ಕನ್ನಡದ ಕೇತ್ಕರ ಚರಿತ್ರೆಯೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಈ ಲೇಖನ ಬರೆಯಲು ಹೊರಟದ್ದೂ ಆ ಅಸಮಾಧಾನದಿಂದಲೇ.

1930 ವಿಚಿತ್ರವಾದ ವರ್ಷ. ಫೆಬ್ರುವರಿ 18ರಂದು ಪ್ಲೂಟೋ ಕಂಡಿತು. ಮಾರ್ಚ್ 13ರಂದು ಜಗತ್ತಿಗೆ ಸುದ್ದಿ ತಿಳಿಯಿತು. ಅದೇ ವರ್ಷ ಬೆಲ್ಜಿಯಮ್ಮಿನ ಡೆಲ್ಪೋರ್ಟ್ ಎಂಬವನು ಅಂತರರಾಷ್ಟ್ರೀಯ ಒಕ್ಕೂಟದ ಪರವಾಗಿ ಆಕಾಶದ 88 ಪುಂಜಗಳಿಗೂ ಗಡಿರೇಖೆಗಳನ್ನು ಎಳೆದು ಪ್ರಕಟಿಸಿದನು. ಆ ಗಡಿಗಳ ಪ್ರಕಾರ ಸೂರ್ಯನ ದಾರಿ 12 ಅಲ್ಲ, 13 ಪುಂಜಗಳನ್ನು ಹಾದುಹೋಗುತ್ತದೆ. ವೃಶ್ಚಿಕಕ್ಕೂ ಧನುವಿಗೂ ನಡುವೆ ಉರಗಧರನೆಂಬ ಪುಂಜದಲ್ಲಿ ಡಿಸೆಂಬರಿನ ಮೊದಲ ಅರ್ಧವನ್ನು ಸೂರ್ಯನು ಕಳೆಯುತ್ತಾನೆ. ಸಮವಾಗಿ ಕೊಯ್ದ ನಮ್ಮ ರಾಶಿಗಳೂ ಅಂಕುಡೊಂಕಾದ ಆ ಪುಂಜಗಳೂ ಬೇರೆ ಬೇರೆಯೆಂಬುದು ಅಂದಿನಿಂದ ಕಾಗದದ ಮೇಲೆಯೇ ಸ್ಪಷ್ಟವಾಯಿತು. ಆಗಸ್ಟ್ 3ರಂದು ಕೇತ್ಕರರು ತೀರಿಕೊಂಡರು. ಅವರಿಗೆ 76 ವರ್ಷವಾಗಿತ್ತು.

ರೇವತೀ ಚಿತ್ರೆಯರ ವಾದ ಅವರೊಡನೆ ಮುಗಿಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ದೇಶದಲ್ಲಿ ಬಳಕೆಯಲ್ಲಿದ್ದ ನಾನಾ ಪಂಚಾಂಗಗಳನ್ನು ಪರಿಶೀಲಿಸಲು ಭಾರತ ಸರಕಾರ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಾಹಾ ನಕ್ಷತ್ರಗಳ ಬೆಳಕಿನಿಂದ ಅವುಗಳ ಒಡಲಿನ ಉಷ್ಣವನ್ನು ಓದಲು ಕಲಿಸಿದ ಭೌತವಿಜ್ಞಾನಿ. ನಾಗರಿಕ ವ್ಯವಹಾರಕ್ಕೆ ಋತುಗಳನ್ನು ಅನುಸರಿಸುವ ರಾಷ್ಟ್ರೀಯ ಪಂಚಾಂಗವನ್ನು ಸಮಿತಿ ಸೂಚಿಸಿತು. ಅದು 1957ರ ಮಾರ್ಚ್ 22ರಿಂದ ಜಾರಿಗೆ ಬಂತು. ಹಬ್ಬಹರಿದಿನಗಳ ನಕ್ಷತ್ರ ಗಣನೆಗೆ ಮಾತ್ರ ಅಯನಾಂಶವೊಂದನ್ನು ಗೊತ್ತುಮಾಡಬೇಕಾಯಿತು. 1955ರ ವರದಿಯಲ್ಲಿ ಸಮಿತಿಯು 1956ರ ಮಾರ್ಚ್ 21ಕ್ಕೆ 23 ಅಂಶ 15 ಕಲೆ ಎಂದು ನಿರ್ಣಯಿಸಿತು. ಅದು ಚಿತ್ರಾಪಕ್ಷದ ಅಂಕಿ. ಇಂದು ಅದು 24 ಅಂಶವನ್ನು ದಾಟಿದೆ. ನಮ್ಮ ನಾಡಿನ ಹಲವು ಪಂಚಾಂಗಗಳ ಮೊದಲ ಪುಟಗಳಲ್ಲಿ ಅಯನಾಂಶವೆಂಬ ಮಾತಿನ ಎದುರಿಗೆ ಅಚ್ಚಾಗಿರುತ್ತದೆ. ಚಿತ್ರಾ ನಕ್ಷತ್ರಕ್ಕೂ ತನ್ನದೇ ಒಂದು ಅತಿ ಸಣ್ಣ ಚಲನೆಯಿದೆ. ಈಗಿನ ವೇಗದಲ್ಲಿ ಅದು ಒಂದು ಅಂಶ ಸರಿಯಬೇಕಾದರೆ ಅರವತ್ತು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ.